ಕ್ಯಾಬಿನ್ ನಂಬರ್ ನಾಕು

ನೌಬಾದಿನ ಸೈಬರ್ ಮುಚ್ಚಿದಾಗ
ಮೂರೂವರಿ ಸಾವಿರಕ್ಕ ತಂದ ಮಷೀನು.
ಇವತ್ತಿಗೂ ಚಾಲೂ ಮಾಡಿದರ
ತನ್ನ ಹೆಸರು ತಾನೇ ಹೇಳ್ತದ:
ಕ್ಯಾಬಿನ್ ನಂಬರ್ ನಾಕು.
ನನ್ನ ಹೆಸರು ಅದಕ್ಕ ಯಾರೂ ಹೇಳಿಲ್ಲ.
ನಾನೂ ಹೇಳಿಲ್ಲ.

ನಾಳೆ ಹಳೇ ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತಾನಂತ ನದೀಮ.
"ಎಲ್ಲಾ ಅಳಿಸಿ ಹೋಗ್ತದ ನೋಡಕ್ಕ,
ಇಟ್ಕೊಳ್ಳೋದು ಇದ್ರ ಇವತ್ತೇ ತಗೀರಿ."
ಇಟ್ಕೊಳ್ಳೋದು ಯಾನದ ನಂದು?
ರೇಶನ್ ಕಾರ್ಡಿನ ಫೋಟೋ,
ಬೀಜದ ಗೋದಾಮಿನ ಎರಡು ವರ್ಷದ ಲೆಕ್ಕ,
ಮತ್ತ ಆ ಆಟ.
ಕಂದೀಲು ಹಿಡಿದು ನೆಲಮಾಳಿಗಿ ಇಳಿಯೋ ಆಟ.
ಹದಿನಾಲ್ಕನೇ ಅಂತಸ್ತಿನ ತನಕ ಇಳಿದೀನಿ,
ಮಂದಿ ಮಲಗಿದ ಮ್ಯಾಲ, ದಿನಾ ಅರ್ಧ ತಾಸು.

ಆಟ ಇದ್ದ ಫೋಲ್ಡರಿನಾಗ ಹುಡುಕಿದೆ. ಇಲ್ಲ.
ಆಟ ಅದ, ಆಡಿದ್ದರ ಗುರುತಿಲ್ಲ.
ಡಾಕ್ಯುಮೆಂಟ್ಸಿನಾಗ ಇಲ್ಲ, ಡೌನ್‌ಲೋಡಿನಾಗ ಇಲ್ಲ.
ಕಡೀಕ, ಮುಚ್ಚಿಟ್ಟದ್ದನ್ನ ತೋರಿಸು ಅನ್ನೋ ಖಾನಿಗೆ
ಒಂದು ಟಿಕ್ ಹಾಕಿದೆ.
ಉಸಿರು ಹಿಡಿದ ಕನ್ನಡಿಯೊಳಗಿನ ಮುಖದಂಗ
ಮಸಕ ಮಸಕ ಎದ್ದು ಬಂದವು
ಇಷ್ಟು ದಿನ ಅಲ್ಲೇ ಕುಂತ ಫೋಲ್ಡರುಗಳು.

ನಮ್ಮ ಕಡಿ ನೀರೂ ಹಂಗೇ.
ಮ್ಯಾಲ ಕೆಂಪು ಮುರುಮು, ಜಾಲಿ ಕಂಟಿ,
ಅಲ್ಲೊಂದು ಇಲ್ಲೊಂದು ಬಾಯಿ ತೆರೆದ ಬಾವಿ.
ಒಳಗ ಸುರಂಗ
ಒಂದರ ಕೈ ಒಂದು ಹಿಡಿದು ನಡೆದದ.
ಬಗ್ಗಿ ನೋಡಿದವರಿಗೆ ಗೊತ್ತು,
ರಸ್ತಾದ ಮ್ಯಾಲ ಆಟೋದಾಗ ಹೋಗೋರಿಗೆ ಇಲ್ಲ.

ಏಳು ಫೈಲು ಇದ್ದವು. ನಂದು ಒಂದೇ.
ನಾನು 'ಮುಂದುವರಿಸು' ಒತ್ತಾಕಿ,
ಪಟ್ಟಿ ತೆಗೆದು ನೋಡಿದಾಕಿ ಅಲ್ಲ.
ಪಿಂಟ್ಯಾ ಭಾಲ್ಕಿ. ಇಮ್ದಾದ್ ಕಿಂಗ್.
ಎ ಎ ಎ ಎ ಎ.
ಸೋನಿ. ಸೋನಿ ಎರಡು.
ಮತ್ತ ಇಂಗ್ಲಿಷ್ ಅಕ್ಷರದಾಗ ನಮ್ಮ ಮಾತು:
ಮುಟ್ಟಬ್ಯಾಡ್ರಿ ಪ್ಲೀ

ಅಷ್ಟೇ. ಜಾಗ ಸಾಲದೆ ಪ್ಲೀಸು ಅರ್ಧಕ್ಕ ನಿಂತದ.

ಹದಿನೇಳು ಎಪ್ರಿಲ್, ಎರಡು ಸಾವಿರದ ಹನ್ನೊಂದು, ಐತ್ವಾರ,
ಮಧ್ಯಾಹ್ನ ಒಂದು ಐವತ್ತೆಂಟು.
ತಾಸಿಗೆ ಹದಿನೈದು ರೂಪಾಯಿ ಇದ್ದಿರಬೇಕು.
ಎರಡು ನಿಮಿಷ ಉಳಿದಾವ,
ಪ್ಲೈವುಡ್ಡಿನ ಆಚಿ ಮತ್ತೊಬ್ಬ
ಕುರ್ಚಿ ಜಗ್ಗಲತ್ತಾನ, "ಚಲ್ ಉಠ್" ಅಂತ.
ಯಾವ ಕೂಸೋ, ಹುಡುಗನೋ ಹುಡುಗಿಯೋ,
ಮುಂದ ಬಂದು ಕುಂದರೋರ ಕಾಲಿಗೆ ಬಿದ್ದಂಗ
ಬರೆದು ಎದ್ದು ಹೋಗ್ಯಾದ.
ಪಿಂಟ್ಯಾ ಮುಟ್ಟಿಲ್ಲ. ಇಮ್ದಾದ ಮುಟ್ಟಿಲ್ಲ.
ಆ ಎ ಎ ಎ ಸುದ್ದಾ ಮುಟ್ಟಿಲ್ಲ.

ನಾನು ತೆಗೆದು ನೋಡಿದೆ. ಸುಳ್ಳು ಯಾಕ ಹೇಳಲಿ.
ಒಂಬತ್ತನೇ ಅಂತಸ್ತು. ಒಂದೇ ಜೀವ.
ಕಂದೀಲಿನಾಗ ಎಣ್ಣಿ ತಳಕ್ಕ ಹತ್ಯಾದ.
ಎದುರಿಗೆ ಬಾಗಿಲು, ಕೈಯಾಗ ಕೀಲಿ.
ಆ ಬಾಗಿಲ ಹಿಂದ ತುಂಬಿದ ಎಣ್ಣಿ ಗಡಗಿ ಅದ.
ನನಗ ಗೊತ್ತು,
ಆ ಕೂಸಿಗೆ ಗೊತ್ತಿಲ್ಲ.
ಎರಡೇ ಹೆಜ್ಜಿ.
ಬೆರಳು ಬಾಣದ ಗುರುತಿನ ಮ್ಯಾಲೇ ಇತ್ತು.

ಕರೆಂಟ್ ಹೋಯ್ತು. ಯುಪಿಎಸ್ ಕುಂಯ್ ಅಂತು.
ನಾಕು ನಿಮಿಷ ಕೊಡ್ತದ ಅದು, ಐದಲ್ಲ.
ಹೊರಗ ಬರುವಾಗ ಆಟ ಕೇಳ್ತು: ಉಳಿಸಲೇನು?
ಬ್ಯಾಡ ಅಂದೆ.
ಏಳೂ ಫೈಲು ಪೆನ್‌ಡ್ರೈವಿಗೆ ಹಾಕಿದೆ,
ಅಲ್ಲಿಂದ ಫೋನಿನ ಕಾರ್ಡಿಗೆ ಮತ್ತೊಂದು ಸಲ.
ನಾಕು ನೂರು ಕೇಬಿ ಇಲ್ಲ ಎಲ್ಲಾ ಕೂಡಿ,
ಒಂದು ಮದುವಿ ಫೋಟೋದಷ್ಟೂ ಇಲ್ಲ.

ಮರುದಿನ ಹೊಸಾ ಸಿಸ್ಟಮಿನಾಗ ಪಟ್ಟಿ ಖಾಲಿ.
ಎದಿ ಧಸಕ್ ಅಂತು.
ನದೀಮ ನಕ್ಕ: "ಇಲ್ಲಿ ದೊಡ್ಡಕ್ಷರ ಬ್ಯಾರೆ, ಸಣ್ಣಕ್ಷರ ಬ್ಯಾರೆ ಅಕ್ಕ,
ಫೋಲ್ಡರಿನ ಹೆಸರು ತಪ್ಪದ."
ಒಂದು ಅಕ್ಷರ ತಿದ್ದಿದ.
ಪಿಂಟ್ಯಾ ಬಂದ. ಇಮ್ದಾದ, ಸೋನಿ, ಸೋನಿ ಎರಡು.
ಮುಟ್ಟಬ್ಯಾಡ್ರಿ ಪ್ಲೀ ಬಂತು.

ತಾರೀಕು ಮಾತ್ರ ಎಲ್ಲಾಕೂ ಇವತ್ತಿಂದೇ.
ಯಾಕ ಅಂದರ, "ಕಾಪಿ ಮಾಡಿದ್ದು ಇವತ್ತಲ್ಲೇನು" ಅಂದ,
ಎರಡು ನೂರು ಇಸಗೊಂಡು ಹೋದ.

ತೊಗರಿ ಚೀಲದ ಚೀಟಿ ಹಿಂದ
ಹದಿನೇಳು, ನಾಕು, ಹನ್ನೊಂದು ಅಂತ ಬರೆದು
ಮಾನಿಟರಿನ ಮೂಲಿಗೆ ಅಂಟಿಸೀನಿ.
ಫ್ಯಾನ್ ಹಾಕಿದಾಗ ಒಂದು ಕಡಿ ಏಳ್ತದ.
ಆಗಾಗ ಒತ್ತತೀನಿ.