ಹನ್ನೊಂದು ಮುಕ್ಕಾಲು

ಚೀಟಿಯಲ್ಲಿ ತೂತು ಹೊಡೆದ ತಾರೀಕಿಗೆ
ಐದು ವರ್ಷ ತುಂಬಿತು.
ಮೂರಕ್ಕೇ ಬದಲಿಸಬೇಕಿತ್ತು ಅಕ್ಕಾ, ಅನ್ನುತ್ತಾನೆ
ದಾರ್ಖಾನಿನ ಅಂಗಡಿ ಹುಡುಗ, ಈ ಊರ ಚಳಿಗೆ.
ಚಳಿಯಲ್ಲ ಕೊಲ್ಲುವುದು, ಅಂದ ಜಂಬಾಲ್,
ಜುಲೈ ಬಿಸಿಲಲ್ಲೇ ಸತ್ತಿರುತ್ತದೆ ಅದು,
ಜನವರಿ ಬಂದು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ.

ಗೊತ್ತು. ನನಗೂ ಕಿವಿಯಿದೆ.
ಕೀಲಿ ತಿರುವಿದರೆ ಒಂದೇ ಉಸಿರಿಗೆ ಏಳುತ್ತಿದ್ದ ಗಾಡಿ
ಈಗ ಉಂ, ಉಂ ಎಂದು ಮಗ್ಗುಲು ಬದಲಿಸುತ್ತದೆ,
ಆಮೇಲೆ ಬರೀ ಟಕ್.
ದೀಪಕ್ಕೆ ಆರಿದ ಹಾಲುಚಹಾದ ಬಣ್ಣ.
ಗಾಡಿಯ ಜೊತೆಗೇ ಬಂದ ಜಪಾನೀ ಹೆಂಗಸಿನ ದನಿ,
ದಿನಾ ನನಗೆ ತಿಳಿಯದ್ದೇನೋ ಹೇಳುತ್ತಿದ್ದವಳು,
ಅರ್ಧ ಮಾತಿಗೇ ಸುಮ್ಮನಾಗುತ್ತಾಳೆ.
ಪಕ್ಕೆ ಉಬ್ಬಿದೆ. ತುದಿಗಳಲ್ಲಿ ಬೂಷ್ಟಿನಂಥ ಹಸಿರು ಪುಡಿ;
ಬಿಸಿನೀರು ಹೊಯ್ದು ಹಳೇ ಬ್ರಶ್ಶಿನಲ್ಲಿ ತಿಕ್ಕಿದೆ,
ಎರಡು ದಿನ ಬಂತು.

ಹೋದ ಚಳಿಗಾಲದ ತನಕ
ರಾತ್ರಿ ಅದನ್ನು ಬಿಚ್ಚಿ ಒಳಗೆ ತರುತ್ತಿದ್ದೆ,
ಹೊತ್ತಲ್ಲದ ಹೊತ್ತಿಗೆ ಹುಟ್ಟಿದ ಕುರಿಮರಿಯ ಹಾಗೆ
ಕಂಬಳಿ ಸುತ್ತಿ ಒಲೆಯ ಬದಿ ಇಡುತ್ತಿದ್ದೆ.
ಹದಿನೈದು ಕಿಲೋ; ಸೊಂಟ ನನ್ನದೇ.
ಈ ವರ್ಷ ತರಲಿಲ್ಲ.

ಈ ವರ್ಷ ಹಲಗೆ ಬೇಲಿಯ ಆಚೆ
ರೈಲ್ವೆಯಿಂದ ನಿವೃತ್ತನಾಗಿ ಜಂಬಾಲ್ ಬಂದಿದ್ದಾನೆ.
ಬೆಳಗಿನ ಆರೂವರೆ, ಮೈನಸ್ ಮೂವತ್ತೊಂದು,
ನನ್ನ ಟಕ್ ಕೇಳಿದ್ದೇ
ಮೂತಿಗೆ ಮೂತಿ ತಾಗುವಷ್ಟು ತನ್ನ ಗಾಡಿ ತಂದು ನಿಲ್ಲಿಸುತ್ತಾನೆ.
ಕೆಂಪು ತಂತಿ ಮೊದಲು, ಕಪ್ಪು ಆಮೇಲೆ,
ಕಪ್ಪಿನ ಕೊನೆಯ ತುದಿ ಬ್ಯಾಟರಿಗಲ್ಲ, ಬರೀ ಕಬ್ಬಿಣಕ್ಕೆ
ಎಂದು ದಿನಾ ಹೊಸದಾಗಿ ಹೇಳಿಕೊಡುತ್ತಾನೆ.
ದಿನಾ ಹೊಸದಾಗಿ ಕೇಳುತ್ತೇನೆ.
ಐದು ನಿಮಿಷ ಕಾಯಬೇಕು.
ಐದು ನಿಮಿಷಕ್ಕೆ ಒಂದು ಬಟ್ಟಲು ಚಹಾ;
ಎರಡಾದರೆ
ಶಾಲೆಯ ಅಡುಗೆಮನೆಯಲ್ಲಿ ಹಿಟ್ಟು ತುಸು ತಡವಾಗಿ ಕಲಸಿದರಾಯಿತು.

ಮೊನ್ನೆ ಮೀಟರು ತಂದು ಅಳೆದ.
ಹನ್ನೆರಡೂವರೆ ಇರಬೇಕಾದಲ್ಲಿ
ಹನ್ನೊಂದು ಮುಕ್ಕಾಲು.
ಮುಳ್ಳನ್ನು ಇಬ್ಬರೂ ನೋಡಿದೆವು.
ಅವನ ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು.
ಮೀಟರನ್ನು ಕೋಟಿನೊಳಗೆ ಇಳಿಸಿ, ಕೆಮ್ಮಿ,
'ಎಳೆಯುತ್ತೆ ಬಿಡಿ,' ಅಂದ,
'ಫೆಬ್ರವರಿ ತನಕ.'

ಹೊಸದು ಮಂಚದ ಕೆಳಗಿದೆ.
ಡಿಸೆಂಬರಿನಲ್ಲೇ ಕೊಂಡದ್ದು, ರಟ್ಟಿನ ಪೆಟ್ಟಿಗೆ ಒಡೆದಿಲ್ಲ.
ಸುಮ್ಮನೆ ಕೂತರೂ ದಿನಕ್ಕಿಷ್ಟು ಸೋರುತ್ತದಂತೆ
ಬಳಸದ ಬ್ಯಾಟರಿ.
ಅದಕ್ಕೂ ಒಂದು ತಾರೀಕು ಇದೆ.