ಅಲ್ಪವಿರಾಮ

ಹೊಲಿಗೆ ತಗೊಂಡರೆ ಬಟ್ಟೆ ತರಬೇಕು,
ಚಿತ್ರಕ್ಕೆ ಬಣ್ಣದ ಡಬ್ಬಿ.
ಸಂಗೀತಕ್ಕೆ ಏನೂ ತರಬೇಕಿಲ್ಲ ಅಂದರು,
ಅದಕ್ಕೇ ಫಾರಮ್ಮಿನಲ್ಲಿ ಅದರ ಮುಂದೆ ಗೀಟು ಎಳೆದೆ.
ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲು,
ಎಂಟನೇ ಕ್ಲಾಸು, ಬಿ ಸೆಕ್ಷನ್ನು.

ಮೊದಲ ದಿನವೇ ಅಂಬುಜವಲ್ಲಿ ಮೇಡಮ್ಮು ಬೋರ್ಡಿನ ತುಂಬ ಬರೆದರು.
ಸರಿಗಮ. ಕೆಲವಕ್ಕೆ ನೆತ್ತಿಯ ಮೇಲೊಂದು ಚುಕ್ಕಿ,
ಕೆಲವಕ್ಕೆ ಕಾಲಡಿ.
ನಡುನಡುವೆ ಕಾಮಾ,
ಕೊನೆಗೆ ಜೋಡಿ ಗೀಟು, ಬಾಗಿಲು ಮುಚ್ಚಿದ ಹಾಗೆ.
"ಓದು" ಅಂದರು.
ಕನ್ನಡ ಪಾಠ ಓದುವ ಹಾಗೆ ಓದಿದೆ,
ಕಾಮಾ ಕಂಡಲ್ಲೆಲ್ಲ ನಿಂತು ಉಸಿರು ತಗೊಂಡೆ.
ಮುಂದಿನ ಬೆಂಚು ನಕ್ಕಿತು.
ಮೇಡಮ್ಮು ನಗಲಿಲ್ಲ.
"ಇಲ್ಲಿ ಅದು ನಿಲ್ಲುವುದಲ್ಲ ಕಣೇ,
ಹಿಂದಿನ ಸ್ವರವನ್ನ ಬಿಡದೆ ಹಿಡಿದಿರುವುದು."

ಅರ್ಥವಾಗಲಿಲ್ಲ. ತಲೆ ಆಡಿಸಿದೆ.

ಅಮ್ಮನದು ರೀಲಿಂಗ್ ಕೆಲಸ.
ಕುದಿನೀರ ಬಾನಿಯಲ್ಲಿ ಗೂಡುಗಳು ಮಗುಚಿ ಮಗುಚಿ ಕುಣಿಯುತ್ತಿದ್ದವು,
ಪಕ್ಕದಲ್ಲಿ ಗೋಣಿಚೀಲ ಹಾಸಿ ನಾನು ಲೆಕ್ಕ ಮಾಡುತ್ತಿದ್ದೆ.
ಎಳೆ ಕಡಿದರೆ ರಾಟೆಯ ದನಿ
ಒಂದು ಕೂದಲಷ್ಟು ಮೇಲೇರುತ್ತದೆ.
"ತೆಗಿಂದಮ್ಮಾ" ಅನ್ನುತ್ತಿದ್ದೆ ತಲೆ ಎತ್ತದೆ,
ಅವಳು ನೋಡುವ ಮೊದಲೇ.

ಈ ಕಿವಿಯಲ್ಲೇ ಎರಡು ವರ್ಷ ಮೋಸ ಮಾಡಿದೆ.
ವಕೀಲರ ಮನೆ ಸುಕನ್ಯಾ ಮೊದಲು ಹಾಡುತ್ತಿದ್ದಳು,
ನಾನು ಒಂದು ಸಲ ಕೇಳಿ
ಪುಸ್ತಕ ತೆರೆದಿಟ್ಟು ಓದಿದ ಹಾಗೆ ಹಾಡುತ್ತಿದ್ದೆ.
ಪುಟ ತಿರುವುದು ಮರೆತು ಒಂದು ದಿನ ಸಿಕ್ಕಿಬಿದ್ದೆ.
ಹಾಡು ಹನ್ನೆರಡನೇ ಪುಟದಲ್ಲಿ,
ನನ್ನ ಪುಸ್ತಕ ಇನ್ನೂ ಹನ್ನೊಂದರಲ್ಲಿ.
ಮೇಡಮ್ಮು ಪುಸ್ತಕ ಮುಚ್ಚಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.
"ಈಗ ಹಾಡು."
ಹಾಡಿದೆ.
"ಹಾಳಾದವಳೇ" ಅಂದರು, ಪ್ರೀತಿಯಿಂದಲೇ ಇರಬೇಕು.

ಹಾಡುಗಳೆಲ್ಲ ತೆಲುಗು.
ಮುಂದಿನ ಬೆಂಚಿಗೆ ಲಿಪಿ ಗೊತ್ತು,
ನನಗೆ ಅರ್ಥ.
ಮೈಸೂರಿನ ಮೇಡಮ್ಮೇ ಒಮ್ಮೆ ಹತ್ತಿರ ಕರೆದು
"ಈ ಮಾತಿಗೇನೇ ಅರ್ಥ?" ಅಂತ ಕೇಳಿದರು ಪಿಸುದನಿಯಲ್ಲಿ.
ಮನೆಯಲ್ಲಿ ಹಾಡಿಕೊಂಡರೆ ಅಮ್ಮ ರಾಗಿಮುದ್ದೆ ತಿರುವುತ್ತಾ
"ಯಾರನ್ನೇ ಹೀಗೆ ಬೈತಿದಾನೆ ಇವನು?"
"ದೇವರನ್ನ."
"ಬೈಯಲಿ. ಇಷ್ಟು ಸಾಲದು."

ನೋಟುಬುಕ್ಕಿನಲ್ಲಿ ನನ್ನದೇ ಬರಹ ಇತ್ತು:
ಇಲ್ಲಿ ಚಿಂತಾಮಣಿ ಬಸ್ಸು ದಿಬ್ಬ ಹತ್ತಿದ ಹಾಗೆ.
ಇಲ್ಲಿ ಹುಳ ಸೊಪ್ಪು ಮೇಯುವಷ್ಟು ಮೆಲ್ಲಗೆ.
ಇಲ್ಲಿ ಗೂಡಿನ ಹರಾಜಿನವನು
ಕೊನೇ ರೇಟು ಕೂಗಿ ಕಾಯುವ ಹಾಗೆ.
ಪರೀಕ್ಷೆಯಲ್ಲಿ ಇದಕ್ಕೆ ಯಾರು ಮಾರ್ಕು ಕೊಡುತ್ತಾರೆ?
ಬರವಣಿಗೆಗೆ ಮೂವತ್ತಕ್ಕೆ ಒಂಬತ್ತು.
ಹಾಡಿಗೆ ಎಪ್ಪತ್ತಕ್ಕೆ ಅರವತ್ತಾರು.
ಸುಕನ್ಯಾ ಒಂದು ವಾರ ಮಾತು ಬಿಟ್ಟಳು.

ಅಂಕಪಟ್ಟಿ ತೋರಿಸಲು ಯೂನಿಟ್ಟಿಗೇ ಓಡಿದೆ.
ಅಮ್ಮ ನೋಡಲಿಲ್ಲ. ಗೂಡೊಂದು ಮುಗಿದಿತ್ತು,
ಹೊಸದರ ತುದಿ ಸಿಕ್ಕಿರಲಿಲ್ಲ.
ಒಂದು ಕೈ ನೀರಲ್ಲಿ ಹುಡುಕುತ್ತಿತ್ತು,
ಇನ್ನೊಂದು ಓಡುವ ಎಳೆಯ ಮೇಲೆ ಸುಮ್ಮನೆ ಇತ್ತು,
ಒತ್ತದೆ, ಬಿಡದೆ.
ನೀರಲ್ಲಿ ನೆನೆದು ಬಿಳುಚಿದ ಬೆರಳು.
ರಾಟೆ ನಿಲ್ಲಲಿಲ್ಲ.
ನಾನು ಬಾಗಿಲಲ್ಲೇ ನಿಂತೆ,
ಕಾಗದ ಆವಿಗೆ ಮೆತ್ತಗಾಗುತ್ತಿತ್ತು.

ಈಗ ಗೂಡಿನ ಮಾರ್ಕೆಟ್ಟಿನ ಆಫೀಸಿನಲ್ಲಿ ಗುಮಾಸ್ತೆ ನಾನು.
ಸ್ವರಲಿಪಿ ಇವತ್ತಿಗೂ ಓದಲು ಬರುವುದಿಲ್ಲ.
ನಾನು ಬರೆದ ಕಾಗದಗಳಲ್ಲಿ ಕಾಮಾ ಜಾಸ್ತಿಯಂತೆ,
ಸೂಪರಿಂಟೆಂಡೆಂಟರು ಕೆಂಪು ಇಂಕಿನಲ್ಲಿ ಒಂದೊಂದೇ ಹೊಡೆಯುತ್ತಾರೆ.
"ಎಷ್ಟು ಸಲ ನಿಲ್ಲುತ್ತೀರಮ್ಮ?"
ಏನೂ ಹೇಳುವುದಿಲ್ಲ.
ತಿದ್ದಿ ಬರೆದು, ಮತ್ತೆ ಎರಡು ಸೇರಿಸಿ,
ಸಹಿಗೆ ಕಳಿಸುತ್ತೇನೆ.