ಜನವರಿ ಒಂದು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರೆ.
ಬೇಕು, ಅಂದ ಪೊಲೀಸಿನವನು.
ನೆಗ್ಗಿದ ಬಾಗಿಲು ನನ್ನದು, ಒಡೆದ ದೀಪ ನನ್ನದು,
ಹಿಂದುಹಿಂದಕ್ಕೆ ಬಂದು ಗುದ್ದಿದ ಜೀಪು ಮಾತ್ರ ಅವನದು.
'ಇವಳೇ ಬಂದು ಗುದ್ದಿದಳು' ಎಂದು
ಎರಡು ಸಲ ಹೇಳಿದ, ಗಟ್ಟಿಯಾಗಿ.
ನಾನು ಒಂದೇ ಸಲ ಹೇಳಿದ್ದೆ.
ದಂಡದ ಚೀಟಿಯಲ್ಲಿ ನನ್ನ ಹೆಸರು,
ಅದೂ ಒಂದಕ್ಷರ ತಪ್ಪಾಗಿ.

ಅದಕ್ಕೇ ಈ ಶನಿವಾರ, ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಉಲಾನ್‌ಬಾತರಿನ ಬಿಡಿಭಾಗಗಳ ಸಂತೆಯಲ್ಲಿ
ಚೋಯ್ಜಿಲನ ಕಬ್ಬಿಣದ ಕಂಟೇನರಿನ ಬಾಗಿಲು ತಳ್ಳಿದೆ.
ನನ್ನ ಉಸಿರು ನನಗಿಂತ ಮುಂಚೆ ಒಳಗೆ ಹೋಯಿತು.

ಹರವಿದ ಕುರಿದೊಗಲಿನ ಮೇಲೆ, ಒಂದೊಂದಾಗಿ:
ಇದು ಮುಂದೂ ನೋಡುತ್ತೆ, ಹಿಂದೂ ನೋಡುತ್ತೆ,
ಇದಕ್ಕೆ ರಾತ್ರಿಯೂ ಹಗಲೇ,
ಇದು ನಿನ್ನ ಫೋನಿನ ಜೊತೆ ಮಾತಾಡುತ್ತೆ ಅಕ್ಕಾ.
ನನ್ನ ಫೋನಿನ ಜೊತೆ ಮಾತಾಡೋಕೆ
ನನ್ನ ನಾದಿನಿ ಒಬ್ಬಳೇ ಸಾಕು, ಅಂದೆ.

ನಕ್ಕ. ನಕ್ಕಿದ್ದರಿಂದಲೋ ಏನೋ, ನಿಜ ಹೇಳಿದ:
ಬ್ಯಾಟರಿ ಇರೋದನ್ನ ಮುಟ್ಟಬೇಡ,
ಈ ಚಳಿಗೆ ಬೆಳಗಾಗೋದರೊಳಗೆ ಸತ್ತಿರುತ್ತೆ.
ಕೆಪಾಸಿಟರ್ ಇರೋದು ತಗೋ, ಸಣ್ಣದು,
ಪರದೆ ಇಲ್ಲ, ಠೀವಿ ಇಲ್ಲ,
ನಂಬರ್ ಪ್ಲೇಟು ಓದುತ್ತೆ, ಅಷ್ಟೇ.

ನನಗೂ ಬೇಕಾಗಿದ್ದು ಅಷ್ಟೇ.
ಕನ್ನಡಿಯ ಬೆನ್ನಿಗೆ ಕೂರಬೇಕು,
ಅಮ್ಮ ಕಟ್ಟಿದ ನೀಲಿ ರೇಷ್ಮೆಯ ಖದಗ್ ಬಿಚ್ಚುವಂತಿಲ್ಲ.
ಅಳತೆಗೆಂದು ಕೋಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದೆ.
ಪಕ್ಕಕ್ಕಿಟ್ಟ. ಪೊಟ್ಟಣವೇ ಒಂದು ಕಡ್ಡಿಯಷ್ಟು ದೊಡ್ಡದು.

ತೊಂಬತ್ತೆಂಟು ಸಾವಿರ ತುಗ್ರಿಕ್.
ಪೆಟ್ರೋಲು ಕಳೆದರೆ ಮೂರು ದಿನದ ದುಡಿಮೆ.
ತೊಂಬತ್ತಕ್ಕೆ ಕೊಟ್ಟ, ನೆನಪಿನ ಕಾರ್ಡು ಬೇರೆ ಲೆಕ್ಕ.
ಇನ್ನು ನಾನು ಒಂದು ಸಲ ಹೇಳುತ್ತೇನೆ,
ಎರಡನೆಯ ಸಲ ಇದು ಹೇಳಲಿ.

ಗಾಜಿಗೆ ಅಂಟೇ ಹಿಡಿಯಲಿಲ್ಲ.
ಅಂಗೈ ಒತ್ತಿ ಗಾಜು ಬೆಚ್ಚಗೆ ಮಾಡಿದೆ,
ಹಸುಗೂಸಿನ ಹೊಟ್ಟೆಗೆ ಒತ್ತುವ ಹಾಗೆ,
ಅಂಗೈ ಮರಗಟ್ಟುವವರೆಗೆ.
ಕಾರು ಜಪಾನಿನಿಂದ ಬಂದದ್ದು, ಸ್ಟೀರಿಂಗು ಬಲಕ್ಕೆ,
ಎಂಟು ವರ್ಷದಿಂದ ದಿನವೂ ಕೀಲಿ ತಿರುವಿದೊಡನೆ
ಹೆಣ್ಣುದನಿಯೊಂದು ಜಪಾನಿಯಲ್ಲಿ ಏನನ್ನೋ ಎಚ್ಚರಿಸುತ್ತದೆ.
ಹೂಂ ಅನ್ನುತ್ತೇನೆ. ಈಗ ಕೇಳುವವರು ಇಬ್ಬರು.

ರಾತ್ರಿ ತಮ್ಮನ ಮಗ ಶಿಜಿರ್ ಕಾರ್ಡು ತೆಗೆದು ತೋರಿಸಿದ.
ಏನಿದೆ? ಹೊಗೆ. ಹೊಗೆಯೊಳಗೊಂದು ಬಂಪರು.
ಕೆಂಪು ದೀಪ, ಹನ್ನೊಂದು ನಿಮಿಷ.
ಕೈ ಚಾಚಿ ನಿಲ್ಲಿಸಿ ಹತ್ತಿದ ಮುದುಕನ ಕೆಮ್ಮು,
ಅವನು ಚಿಲ್ಲರೆ ಎಣಿಸಿದ ಸದ್ದು.
ಆಮೇಲೆ ಏರು, ಹಿಮ, ಜಾರುವ ಚಕ್ರ,
ಯಾರೋ ಗೊಗ್ಗರು ದನಿಯಲ್ಲಿ:
'ಚೂ! ಚೂ ನನ್ನ ಬಿಳಿಯಾ, ಚೂ!'

ಯಾರದು ಅತ್ತೆ, ಅಂದ ಹುಡುಗ.
ನಮ್ಮಪ್ಪ ಕುದುರೆಗೆ ಹಾಗೆ ಹೇಳುತ್ತಿದ್ದ.
ನಾನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.
ಕಾರಿನ ಬಣ್ಣ ಬೂದಿ, ಬೇರೆ.
ಮೈಕು ಬಂದ್ ಮಾಡಬಹುದು, ಗುಂಡಿ ಇಲ್ಲಿದೆ ನೋಡು, ಅಂದ.
ಇರಲಿ ಬಿಡು, ಪೊಲೀಸಿನವನೂ ಕೇಳಲಿ.

ಆರು ಗಂಟೆ ತುಂಬಿದರೆ ಹಳೆಯದರ ಮೇಲೆ
ಹೊಸದು ಬರೆದುಕೊಳ್ಳುತ್ತದಂತೆ.
ಆ ಏರು, ಆ ಮುದುಕ ಇಷ್ಟರಲ್ಲಿ ಹೋಗಿರಬೇಕು.
ತಾರೀಖು ಕೂಡಿಸಲು ಇಬ್ಬರಿಗೂ ತಿಳಿಯಲಿಲ್ಲ,
ದಿನವೂ ಜನವರಿ ಒಂದು, ಮಧ್ಯರಾತ್ರಿಯಿಂದ.

ಇವತ್ತು ಬೆಳಿಗ್ಗೆ ಅಮ್ಮ ಎಂದಿನಂತೆ
ಹೊರಟ ಕಾರಿನ ಹಿಂದೆ ಹಾಲು ಚಿಮುಕಿಸಬೇಕಿತ್ತು.
ಎದುರಿಗೆ ಬಂದು ನಿಂತಳು, ಕಣ್ಣಿಗೆ ಕಾಣಲಿ ಎಂದು.
ಒಂದು ಹನಿ ಗಾಜಿನ ಮೇಲೆ ಅಲ್ಲೇ ಹೆಪ್ಪುಗಟ್ಟಿತು,
ಸರಿಯಾಗಿ ಅದರ ಮುಂದೆ.
ಎಲ್ಲರ ನಂಬರಿನಲ್ಲೂ ಈಗ ಒಂದಂಕಿ ಕಾಣುವುದಿಲ್ಲ.
ಕೆರೆಯಬೇಕು. ಎರಡನೆಯ ಬಾಡಿಗೆ ಮುಗಿಯಲಿ.